ಜಗಳ ಬಿಡಿಸಿದವನ ರೌಡಿ ಶೀಟು

ಹೊಸದಾಗಿ ಖಾಕಿ ತೊಟ್ಟವರು ಆಗಾಗ ನನ್ನ ಮನೆಗೆ ಬರುತ್ತಾರೆ. ಕಮತಗಿಯಲ್ಲಿ ಬಸ್ಸಿಳಿದು ರಿಟೈರ್ ಆದ ಎ.ಎಸ್.ಐ. ನಿಂಗಪ್ಪನ ಮನೆ ಎಲ್ಲಿ ಎಂದರೆ ಚಹಾದಂಗಡಿಯವನೇ ತೋರಿಸುತ್ತಾನೆ. ಬಂದವರು ಗೋಡೆಯ ಮೇಲಿನ ಬೀಳ್ಕೊಡುಗೆ ಫೋಟೋ ನೋಡಿ, ನನ್ನ ಹೆಂಡತಿ ಕೊಟ್ಟ ಚಹಾ ಕುಡಿದು, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ.

"ಸರ್, ನೌಕರಿ ಹೆಂಗ ಮಾಡಬೇಕ್ರಿ?"

ಹೇಗೆ ಮಾಡಬೇಕು ಎಂಬುದು ಆಯುಷ್ಯವೆಲ್ಲ ಮಾಡಿದರೂ ನನಗೆ ಗೊತ್ತಾಗಲಿಲ್ಲ. ಹೇಗೆ ಮಾಡುತ್ತಾರೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ತರಬೇತಿ ಶಾಲೆಯಲ್ಲಿ ಅದನ್ನು ಹೇಳಿಕೊಡುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲ ಕಡೆಯ ಠಾಣೆಗಳಲ್ಲಿ ನನ್ನ ಸೇವೆ ಸವೆಯಿತು. ಯಾವ ಸಂಗತಿ ಯಾವ ಠಾಣೆಯಲ್ಲಿ ನಡೆಯಿತೆಂದು ಹೇಳುವುದಿಲ್ಲ, ಹೆಸರುಗಳನ್ನೂ ಬದಲಿಸಿದ್ದೇನೆ. ಪಿಂಚಣಿ ತಿಂಗಳು ತಿಂಗಳು ತಪ್ಪದೆ ಬರುತ್ತಿದೆ, ಅದಕ್ಕೆ ತೊಂದರೆ ಕೊಡುವ ಮನಸ್ಸಿಲ್ಲ. ಬಡ್ತಿಯ ಕಥೆಯನ್ನೂ ಬಿಡುತ್ತೇನೆ. ಕಾನ್‌ಸ್ಟೇಬಲ್ ಆಗಿ ಸೇರಿದೆ, ಮೊಣಕಾಲು ನೋಯಲು ಶುರುವಾದ ಮೇಲೆ ಎ.ಎಸ್.ಐ. ಆದೆ. ಜನ ಮಾತ್ರ ಕೊನೆಯವರೆಗೂ ಹವಾಲ್ದಾರ ಎಂದೇ ಕರೆದರು.

ನಾನು ಹೇಳಬೇಕೆಂದಿರುವುದು ಒಂದು ಪಟ್ಟಿಯ ಬಗ್ಗೆ. ಯಾರಾದರೂ ಗೂಂಡಾಗಿರಿ ಮಾಡಿಯಾನು ಎಂಬ ಗುಮಾನಿ ಇದ್ದರೆ ಅವನ ಹೆಸರಿನಲ್ಲಿ ಠಾಣೆಯಲ್ಲಿ ಒಂದು ರೌಡಿ ಶೀಟು ತೆರೆಯುತ್ತೇವೆ. ಕೋರ್ಟಿನಲ್ಲಿ ಶಿಕ್ಷೆಯಾಗಿರಬೇಕೆಂದೇನೂ ಇಲ್ಲ. ಹೀಗೆ ತೆರೆದಿದ್ದೇವಪ್ಪಾ ಎಂದು ಅವನಿಗೆ ಹೇಳುವ ಪದ್ಧತಿಯೂ ನಾನು ಸೇರಿದ ಕಾಲಕ್ಕೆ ಇರಲಿಲ್ಲ. ಹಬ್ಬವೋ ಚುನಾವಣೆಯೋ ಹತ್ತಿರ ಬಂದಾಗ ಕಾನ್‌ಸ್ಟೇಬಲ್ ಮನೆಗೆ ಹೋಗಿ, "ಸಾಹೇಬ್ರು ಕರ್ಯಾಕತ್ತಾರ, ನಡಿ" ಎಂದಾಗ ಅವನಿಗೆ ತಾನು ರೌಡಿ ಎಂಬ ಸಮಾಚಾರ ತಿಳಿಯುತ್ತಿತ್ತು. ಹಾಗೆ ಬಂದವರನ್ನು ಠಾಣೆಯ ಅಂಗಳದಲ್ಲಿ ಸಾಲಾಗಿ ನೆಲದ ಮೇಲೆ ಕೂಡಿಸಿ, ಬುದ್ಧಿವಾದ ಹೇಳಿ, ಫೋಟೋ ತೆಗೆದು ಕಳಿಸುವುದಕ್ಕೆ ರೌಡಿ ಪರೇಡ್ ಎಂದು ಹೆಸರು. ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಅದರಲ್ಲಿ ಸಾಹೇಬರ ಮುಖ ಎಲ್ಲರಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ನನ್ನ ಮೊದಲ ಪರೇಡ್ ಬಾದಾಮಿ ಕಡೆಯದು. ಮಂಗಗಳ ಮಾತು ಬಂದಾಗ ಊರು ತಾನಾಗಿಯೇ ಗೊತ್ತಾಗುವುದರಿಂದ ಮುಚ್ಚಿಡುವುದಿಲ್ಲ. ಸಾಲಿನಲ್ಲಿ ಒಬ್ಬ ಮುದುಕನಿದ್ದ. ಪ್ರಾಯದಲ್ಲಿ ಯಾರದೋ ತಲೆ ಒಡೆದಿದ್ದನಂತೆ. ಈಗ ಅವನನ್ನು ಮಗ ಬೈಕಿನ ಹಿಂದೆ ಕೂಡಿಸಿ, ಬೀಳದ ಹಾಗೆ ಟವೆಲ್ಲಿನಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದ. ಸಾಹೇಬರು ಕೋಲು ಝಳಪಿಸಿ, "ಯಾರರೆ ಬಾಲ ಬಿಚ್ಚೀರಿ, ಹುಷಾರ್!" ಎಂದು ಗುಡುಗಿದರು. ಅದೇ ಹೊತ್ತಿಗೆ ನಿಜವಾಗಿ ಬಾಲವಿದ್ದ ಮಂಗವೊಂದು ಕಂಪೌಂಡಿನಿಂದ ಇಳಿದು ಸಾಹೇಬರ ಮೇಜಿನ ಮೇಲಿದ್ದ ಬಾಳೆಹಣ್ಣು ಎತ್ತಿಕೊಂಡು ಹೋಯಿತು. ಪ್ರವಾಸಿಗರ ಚೀಲ, ಕನ್ನಡಕ, ತಿಂಡಿ ಎಲ್ಲವನ್ನೂ ಹಾಡಹಗಲೇ ಸುಲಿಗೆ ಮಾಡುವ ಆ ತಂಡದ ಮೇಲೆ ಒಂದೂ ಶೀಟು ಇರಲಿಲ್ಲ. ಮುದುಕ ನಕ್ಕ. ನಕ್ಕಿದ್ದಕ್ಕಾಗಿ ಅವನನ್ನು ಇನ್ನಷ್ಟು ಹೊತ್ತು ಬಿಸಿಲಿನಲ್ಲಿ ಕೂಡಿಸಿದರು.

ಪರೇಡ್ ಮುಗಿದ ಮೇಲೆ ನಮ್ಮ ಹಿರಿಯ ಹವಾಲ್ದಾರರನ್ನು ಕೇಳಿದೆ. "ಖರೆ ಖರೆ ರೌಡಿಗಳು ಯಾರೂ ಬರ್ಲೇ ಇಲ್ಲಲ್ರಿ?"

"ಕರದ ಕೂಡ್ಲೆ ಬರಾವರಾಗಿದ್ರ ಅವರು ರೌಡಿಗಳು ಯಾಕಾಗ್ತಿದ್ರೋ ಹುಚ್ಚಪ್ಯಾಲಿ?" ಎಂದರು ಅವರು. "ಪರೇಡಿಗೆ ಮಂದಿ ಬೇಕು. ಹೇಳಿದ್ರ ಬರಾವರು ಬೇಕು. ಅದಕ್ಕ, ಯಾರು ತಪ್ಪದ ಬರ್ತಾರೋ ಅವರ ಶೀಟ್ ಮುಚ್ಚಬಾರದು. ತಿಳೀತಿಲ್ಲೋ?"

ತಿಳಿಯಿತು. ಒಳ್ಳೆಯ ನಡತೆಯಿಂದ ಈ ಪಟ್ಟಿಯಿಂದ ಹೊರಬರಬಹುದು ಎಂದು ನಿಯಮದಲ್ಲಿ ಬರೆದಿದೆ. ಆದರೆ ಒಳ್ಳೆಯ ನಡತೆಯವನೇ ಪರೇಡಿಗೆ ಬೇಕಾದವನು. ಮೇಲಾಗಿ, ಶೀಟು ಮುಚ್ಚಿದ ವಾರವೇ ಅವನು ಯಾರಿಗಾದರೂ ಹೊಡೆದರೆ ಮುಚ್ಚಿದ ಅಧಿಕಾರಿಯ ಕುತ್ತಿಗೆಗೆ ಬರುತ್ತದೆ. ಮುಚ್ಚದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಹೀಗಾಗಿ ಪ್ರತಿಯೊಬ್ಬ ಸಾಹೇಬರೂ ಈ ಪುಣ್ಯದ ಕೆಲಸವನ್ನು ಮುಂದೆ ಬರುವ ಸಾಹೇಬರಿಗೆ ಮೀಸಲಿಟ್ಟು ವರ್ಗವಾಗಿ ಹೋಗುತ್ತಿದ್ದರು.

ಪಟ್ಟಿ ಬೆಳೆಯುವುದು ಹೇಗೆಂಬುದನ್ನು ಬಾಗಲಕೋಟೆಯ ಒಂದು ತಿಂಗಳ ಸಭೆಯಲ್ಲಿ ಕಲಿತೆ. ನಮ್ಮ ಸಾಹೇಬರ ಕಡತ ಹೊತ್ತುಕೊಂಡು ಹಿಂದೆ ನಿಂತಿದ್ದೆ. ಮೇಲಧಿಕಾರಿಯೊಬ್ಬರು, "ಪಕ್ಕದ ಠಾಣೆಯಲ್ಲಿ ನಿಮಗಿಂತ ಎರಡು ಪಟ್ಟು ರೌಡಿಗಳಿದ್ದಾರೆ. ನೀವೇನು ನಿದ್ದೆ ಮಾಡ್ತಿದ್ದೀರಾ?" ಎಂದು ಕೇಳಿದರು. ನಮ್ಮ ಸಾಹೇಬರು ಸಾಧು ಮನುಷ್ಯ. "ನಮ್ಮ ಕಡೆ ಜಗಳ ಕಡಿಮೆ, ಸರ್" ಎಂದುಬಿಟ್ಟರು. ಪೊಲೀಸರ ಸಭೆಯಲ್ಲಿ ಆಡಬಾರದ ಮಾತು ಅದು. ಜಗಳ ಕಡಿಮೆ ಇದ್ದರೆ ಠಾಣೆ ಏಕೆ, ಜೀಪಿಗೆ ಡೀಸೆಲ್ ಏಕೆ? ಆ ತಿಂಗಳು ನಮ್ಮ ಹದ್ದಿನಲ್ಲಿ ರೌಡಿಗಳ ಬೆಳೆ ಹುಲುಸಾಗಿ ಬಂತು. ಬಸ್ ಸ್ಟ್ಯಾಂಡಿನಲ್ಲಿ ಸೀಟಿಗಾಗಿ ಕಂಡಕ್ಟರನ ಕೊರಳಪಟ್ಟಿ ಹಿಡಿದವನೊಬ್ಬ, ಅಣ್ಣನ ಜೊತೆ ಬದುವಿನ ತಕರಾರು ಮಾಡಿದವನೊಬ್ಬ, ಹೀಗೆ ಕೈಗೆ ಸಿಕ್ಕವರೆಲ್ಲ ಶೀಟು ಹತ್ತಿದರು.

ಹಾಗೆಂದು ಪಟ್ಟಿಯೇ ಬೇಡ ಎನ್ನುವವನು ನಾನಲ್ಲ. ಕೆರೂರ ಕಡೆಯ ಸಂತೆಯಲ್ಲಿ ಒಬ್ಬನಿದ್ದ. ಬುಟ್ಟಿ ಇಟ್ಟು ಕುಳಿತ ಹೆಂಗಸರ ಮುಂದೆ ಸುಮ್ಮನೆ ಕೈ ಚಾಚಿ ನಿಲ್ಲುತ್ತಿದ್ದ. ಕೊಡದಿದ್ದರೆ ಬುಟ್ಟಿ ಬೀದಿಗೆ. ದೂರು ಕೊಡಿ ಎಂದರೆ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ, ಏಕೆಂದರೆ ಮುಂದಿನ ವಾರವೂ ಸಂತೆಗೆ ಬರಬೇಕಲ್ಲ. ಅವನ ಮೇಲೆ ಶೀಟು ತೆರೆದು, ಸಂತೆಯ ದಿನ ಅವನ ಬೆನ್ನಿಗೇ ನಾನು ಅಡ್ಡಾಡತೊಡಗಿದ ಮೇಲೆ ಆ ಚಾಚಿದ ಕೈ ಜೇಬು ಸೇರಿತು. ಬಳೆ ಮಾರುವ ಮುದುಕಿಯೊಬ್ಬಳು ನನ್ನನ್ನು ಕರೆದು, "ನೀ ವಾರಾ ವಾರಾ ಬಾರೋ ಯಪ್ಪಾ" ಎಂದಳು. ನನ್ನ ಸೇವೆಯಲ್ಲಿ ಸಿಕ್ಕ ಪದಕ ಅದೊಂದೇ. ಹೀಗಾಗಿ ಈ ಪಟ್ಟಿಯನ್ನು ಬೈಯುವವರ ಜೊತೆಗೂ ನನಗೆ ಪೂರ್ತಿ ಸೇರುವುದಿಲ್ಲ, ಹೊಗಳುವವರ ಜೊತೆಗಂತೂ ಸೇರುವುದೇ ಇಲ್ಲ.

ಇನ್ನು ಮೌಲಾಸಾಬನ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆದದ್ದು ಅವನಿಗಾಗಿಯೇ.

ಅದು ಸೀರೆ ನೇಯುವ ಊರು. ಮೌಲಾಸಾಬ ನೇಕಾರನಲ್ಲ, ನೂಲಿಗೆ ಬಣ್ಣ ಹಾಕುವವನು. ಮೇಲಿನ ಓಣಿ ಮತ್ತು ಕೆಳಗಿನ ಓಣಿ ಕೂಡುವ ಮೂಲೆಯಲ್ಲಿ ಅವನ ಮನೆ. ಅಂಗಳದಲ್ಲಿ ಒಲೆಯ ಮೇಲೆ ಹಂಡೆಗಳು, ಹಗ್ಗದ ಮೇಲೆ ಒಣಗಲು ಹಾಕಿದ ನೂಲಿನ ಲಡಿಗಳು. ಎರಡೂ ಓಣಿಯ ಮಗ್ಗಗಳಿಗೆ ಅವನೇ ಬಣ್ಣ ಹಾಕಿಕೊಡುತ್ತಿದ್ದ. ಮೊಣಕೈವರೆಗೂ ಅವನ ಕೈಗಳು ಯಾವಾಗಲೂ ಕೆಂಪು, ಎಷ್ಟು ತಿಕ್ಕಿದರೂ ಹೋಗದು. ಅವನಿಗೆ ಇದ್ದ ಚಟ ಒಂದೇ: ಯಾರು ಜಗಳಾಡಿದರೂ ಓಡಿಹೋಗಿ ನಡುವೆ ನಿಲ್ಲುವುದು. "ಊರ ಚಿಂತಿ ಮಾಡಿ ಮುಲ್ಲಾ ಸೊರಗಿದ್ನಂತ" ಎಂದು ಹೆಂಡತಿ ಬೀಬಿಜಾನ್ ದಿನಾ ಬೈಯುತ್ತಿದ್ದಳು. ಅವನು ಸೊರಗಲೂ ಇಲ್ಲ, ಚಟ ಬಿಡಲೂ ಇಲ್ಲ.

ನಮ್ಮ ಕಡೆ ಹೋಳಿ ಹುಣ್ಣಿಮೆಗೆ ಕಾಮಣ್ಣನನ್ನು ಕದ್ದ ಕಟ್ಟಿಗೆ, ಕದ್ದ ಸಗಣಿ ಕುಳ್ಳುಗಳಿಂದಲೇ ಸುಡಬೇಕು. ಅದು ಸಂಪ್ರದಾಯ. ಕಳಕೊಂಡವರು ಬಾಯಿ ತುಂಬ ಬೈಯಬೇಕು, ಠಾಣೆಗೆ ಮಾತ್ರ ಹೋಗಬಾರದು. ನಾನು ಆ ಠಾಣೆಗೆ ಹೋಗುವ ಎಷ್ಟೋ ವರ್ಷ ಮೊದಲು, ಮೇಲಿನ ಓಣಿಯ ಹುಡುಗರು ಕೆಳಗಿನ ಓಣಿಗೆ ಹೋಗಿ, ದುರಸ್ತಿಗೆಂದು ಬಿಚ್ಚಿಟ್ಟಿದ್ದ ಮಗ್ಗದ ಕಟ್ಟಿಗೆಯನ್ನೇ ಹೊತ್ತು ತಂದರು. ಕುಳ್ಳು ಕದ್ದರೆ ಹಬ್ಬ, ಮಗ್ಗ ಕದ್ದರೆ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಕೆಳಗಿನ ಓಣಿಯವರು ಬಡಿಗೆ ಹಿಡಿದು ಬಂದರು. ಎರಡೂ ಕಡೆಯವರು ಮೌಲಾಸಾಬನ ಮನೆಯ ಮುಂದೆಯೇ ಕೈ ಕೈ ಮಿಲಾಯಿಸಿದರು. ಹಂಡೆಯ ಮುಂದೆ ಕುಳಿತಿದ್ದ ಅವನು ಕೈ ಕೂಡ ಒರೆಸಿಕೊಳ್ಳದೆ ಓಡಿ ಬಂದು ನಡುವೆ ನುಗ್ಗಿ, ಒಬ್ಬೊಬ್ಬನ ಎದೆಗೆ ಕೈ ಇಟ್ಟು ಹಿಂದಕ್ಕೆ ದೂಡಿದ. ಮಗ್ಗದ ಕಟ್ಟಿಗೆ ವಾಪಸು ಹೋಯಿತು, ಯಾರ ತಲೆಯೂ ಒಡೆಯಲಿಲ್ಲ.

ಮರುದಿನ ಎರಡೂ ಕಡೆಯವರು ಠಾಣೆಗೆ ಹೋಗಿ ದೂರು ಕೊಟ್ಟರು. ಮೌಲಾಸಾಬ ಅವರ ಪರವಾಗಿ ಬಂದ ಎಂದು ಇವರು, ಇವರ ಪರವಾಗಿ ಬಂದ ಎಂದು ಅವರು. ಸಾಕ್ಷಿಗೆ ಎರಡೂ ಕಡೆಯ ಅಂಗಿಗಳು ಬಂದವು. ಎಲ್ಲ ಅಂಗಿಗಳ ಎದೆಯ ಮೇಲೂ ಕೆಂಪು ಹಸ್ತ, ಎಲ್ಲವೂ ಒಬ್ಬನದೇ. ಆಗಿನ ಸಾಹೇಬರು, "ಹೋಳಿ ಜಗಳದಾಗ ಮೌಲಾಸಾಬಗ ಏನ್ ಕೆಲಸ?" ಎಂದು ಕೇಳಿದರಂತೆ. ತಿಳಿಯುವ ಕುತೂಹಲದಿಂದ ಕೇಳಿದ ಪ್ರಶ್ನೆಯಲ್ಲ ಅದು, ಉತ್ತರ ಅವರ ಬಳಿ ಮೊದಲೇ ಇತ್ತು. ಎರಡೂ ಪ್ರಕರಣಗಳಲ್ಲಿ ಹೆಸರಿದ್ದವನು ಅವನೊಬ್ಬನೇ. ಎರಡು ಪ್ರಕರಣ ಎಂದ ಮೇಲೆ ರೂಢಿಯ ಪುಂಡ ಎಂದು ಶೀಟು ತೆರೆದರು. ಮುಂದೆ ಓಣಿಗಳವರು ರಾಜಿಯಾಗಿ ಪ್ರಕರಣಗಳು ಬಿದ್ದುಹೋದವು. ಶೀಟು ಬೀಳಲಿಲ್ಲ.

ನಾನು ಆ ಠಾಣೆಗೆ ಹೋದಾಗ ಕಂಡ ಸೋಜಿಗವೆಂದರೆ, ಹೋಳಿಗೆ ಮುಂಚೆ ನಾವು ಎರಡು ಪಟ್ಟಿ ತೆಗೆಯುತ್ತಿದ್ದೆವು. ಬೆಳಿಗ್ಗೆ ರೌಡಿ ಪರೇಡ್, ಸಂಜೆ ಊರಿನ ಹಿರಿಯರ ಶಾಂತಿ ಸಭೆ. ಮೌಲಾಸಾಬ ಎರಡರಲ್ಲೂ ಇದ್ದ. ಬೆಳಿಗ್ಗೆ ಲುಂಗಿಯಲ್ಲಿ ಬಂದು ನೆಲದ ಮೇಲೆ ಕುಳಿತು, "ಇನ್ನೊಮ್ಮೆ ಗಲಾಟಿ ಮಾಡಿದ್ರ ಚರ್ಮ ಸುಲೀತೇನಿ" ಎಂದು ಬೈಸಿಕೊಳ್ಳುತ್ತಿದ್ದ. ಸಂಜೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಕುರ್ಚಿಯ ಮೇಲೆ ಕೂಡುತ್ತಿದ್ದ. ಅದೇ ಸಾಹೇಬರು, "ನಿಮ್ಮಂಥ ಹಿರಿಯರ ಸಹಕಾರ ಬೇಕು" ಎಂದು ಕೈ ಮುಗಿಯುತ್ತಿದ್ದರು. ಬೆಳಗಿನವರಿಗೆ ನೀರೂ ಇಲ್ಲ, ಸಂಜೆಯವರಿಗೆ ಚಹಾ ಮತ್ತು ಚೂಡಾ.

"ಮುಂಜಾನೆದ್ದು ತಪ್ಪಸಬಾರದೇನೋ ಮೌಲಾಸಾಬ್?" ಎಂದು ಒಮ್ಮೆ ಕೇಳಿದೆ.

"ಮುಂಜಾನೆ ಬರ್ಲಿಲ್ಲಂದ್ರ ಸಂಜಿಗೆ ಹಿಡ್ಕೊಂಡ ಬರ್ತೀರಿ ಹವಾಲ್ದಾರ್ರ," ಎಂದ. "ಆಮ್ಯಾಲೆ ಶಾಂತಿ ಸಭಾದಾಗ ನನ್ನ ಕುರ್ಚಿ ಖಾಲಿ ಉಳೀತೇತ್ರಿ."

ನನಗೆ ಅವನು ಗೆಳೆಯನಾದದ್ದು ಹೀಗೆ. ಊರಿನಲ್ಲಿ ಎಲ್ಲಿ ಹೊಗೆ ಆಡಿದರೂ ನಾನು ಮೊದಲು ಅವನಿಗೆ ಫೋನ್ ಮಾಡುತ್ತಿದ್ದೆ. ಅವನು ಎರಡೂ ಓಣಿಯ ಹುಡುಗರಿಗೆ ಫೋನ್ ಮಾಡುತ್ತಿದ್ದ. ನಾನು ಜೀಪು ಹತ್ತುವಷ್ಟರಲ್ಲಿ ಬೆಂಕಿ ಆರಿರುತ್ತಿತ್ತು. ಎಷ್ಟೋ ಹೋಳಿಗಳು ಹೀಗೆ ಸುಖವಾಗಿ ಮುಗಿದವು, ಬಂದೋಬಸ್ತಿನ ಬಹುಮಾನ ಪ್ರತಿ ಸಲವೂ ಸಾಹೇಬರಿಗೆ ಬಂತು.

ಆಮೇಲೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಮೈಸೂರು ಕಡೆಯ ಒಬ್ಬ ಹೊಸ ಸಾಹೇಬರು ಬಂದರು. ಕೆಟ್ಟವರಲ್ಲ, ಚುರುಕಿನ ಮನುಷ್ಯ. ಊರನ್ನು ತಿಳಿಯಲು ಊರಲ್ಲಿ ಅಡ್ಡಾಡಬೇಕಿಲ್ಲ ಎಂದು ಅವರಿಗೆ ಯಾರೋ ಕಲಿಸಿದ್ದರು, ಅಷ್ಟೇ. ರೌಡಿಗಳನ್ನು ಒಬ್ಬೊಬ್ಬರಾಗಿ ಅಲ್ಲ, ಗ್ಯಾಂಗುಗಳಾಗಿ ತುಂಬಬೇಕು ಎಂದು ಮೇಲಿನಿಂದ ಆದೇಶವಿತ್ತು.

"ಸರ್, ನಮ್ಮಲ್ಲಿ ಗ್ಯಾಂಗ್ ಎಲ್ಲಿ ಅದಾವ್ರಿ?" ಎಂದೆ.

"ಇಲ್ಲ ಅಂತ ಹಾಕೋಕೆ ಆಗಲ್ಲ ನಿಂಗಪ್ಪ. ಆ ಜಾಗ ಖಾಲಿ ಬಿಟ್ರೆ ಸೇವ್ ಆಗೋದೇ ಇಲ್ಲ," ಎಂದರು.

ಸೇವ್ ಆಗಲಿ ಎಂಬ ಒಂದೇ ಕಾರಣಕ್ಕೆ ಮೇಲಿನ ಓಣಿಯ ಹಲಗಿ ಬಾರಿಸುವ ಹುಡುಗರು ಒಂದು ಗ್ಯಾಂಗ್ ಆದರು, ಕೆಳಗಿನ ಓಣಿಯವರು ಇನ್ನೊಂದು. ಹೋಳಿಗೆ ಹೊಲಿಸಿಕೊಂಡ ಒಂದೇ ಬಣ್ಣದ ಟೀಶರ್ಟುಗಳು ಗ್ಯಾಂಗಿನ ಗುರುತುಗಳಾದವು. ಆಮೇಲೆ ಯಾರು ಯಾರಿಗೆ ಫೋನ್ ಮಾಡಿದ್ದಾರೆಂದು ತುಂಬಿದರು. ಪರದೆಯ ಮೇಲೆ ಚುಕ್ಕೆಗಳು ಮೂಡಿ, ಗೆರೆಗಳು ಎಳೆದುಕೊಂಡವು. ಮೇಲೊಂದು ಗುಂಪು, ಕೆಳಗೊಂದು ಗುಂಪು. ನಟ್ಟನಡುವೆ ಎರಡೂ ಕಡೆಗೆ ಗೆರೆ ಹೋದ ಒಂದೇ ಒಂದು ದಪ್ಪ ಚುಕ್ಕೆ. ಸಾಹೇಬರು ಕುರ್ಚಿಯಿಂದ ಎದ್ದು ನಿಂತರು.

"ನೋಡಿ ನಿಂಗಪ್ಪ, ಸಿಕ್ಕಿದ! ಎರಡೂ ಗ್ಯಾಂಗನ್ನ ಆಡಿಸ್ತಿರೋನು ಇವನೇ. ಪ್ರತಿ ಗಲಾಟೆಗೂ ಮುಂಚೆ ಎರಡೂ ಕ್ಯಾಂಪಿಗೆ ಇವನಿಂದ ಕಾಲ್ ಹೋಗಿದೆ."

"ಸರ್, ಅಂವ ಮೌಲಾಸಾಬ ಅದಾನ್ರಿ. ಜಗಳಾ ಬಿಡಸಾಕ ಫೋನ್ ಹಚ್ಚಿರ್ತಾನ್ರಿ."

"ಬಿಡಿಸೋಕೆ ಅಂತ ಎಲ್ಲಿ ತೋರಿಸ್ತಿದೆ?"

ಎಲ್ಲಿಯೂ ತೋರಿಸುತ್ತಿರಲಿಲ್ಲ. ಫೋನ್ ಮಾಡಿದ್ದು ಪರದೆಗೆ ಗೊತ್ತಿತ್ತು, ಏಕೆ ಮಾಡಿದ್ದೆಂದು ಗೊತ್ತಿರಲಿಲ್ಲ. ಆಗದೇ ಹೋದ ಜಗಳಕ್ಕೆ ದಾಖಲೆ ಎಲ್ಲಿರುತ್ತದೆ? ಹಿಂದೆ ಅಂಗಿಯ ಮೇಲಿನ ಕೈ ಗುರುತು ನೋಡಿ ಒಬ್ಬ ಸಾಹೇಬರು ಮಾಡಿದ ತಪ್ಪನ್ನು ಈಗ ಬಹಳ ಬೆಲೆಯ ಯಂತ್ರ ಮಾಡಿತು. ಆದರೆ ಯಂತ್ರ ಮಾಡಿದ ತಪ್ಪಿಗೆ ಬಣ್ಣದ ನಕ್ಷೆ ಇರುತ್ತದೆ, ಅದನ್ನು ಸಭೆಯಲ್ಲಿ ಗೋಡೆಯ ಮೇಲೆ ತೋರಿಸಬಹುದು.

ತೋರಿಸಿದರು ಕೂಡ. ಬಾಗಲಕೋಟೆಯಲ್ಲಿ ಈ ಪಟ್ಟಿಗಳ ಬಗ್ಗೆ ಒಂದು ಕಾರ್ಯಾಗಾರ ನಡೆಯಿತು. ಉಪ್ಪಿಟ್ಟು, ಶಿರಾ ಚೆನ್ನಾಗಿದ್ದವು. ಒಬ್ಬ ವಕೀಲೆ ಎದ್ದು ನಿಂತು, "ಹೆಸರು ಸೇರಿಸೂ ಮೊದಲ ಆ ಮನಶ್ಯಾನ್ನ ಒಂದ್ ಮಾತು ಕೇಳ್ರಿ. ಸೇರಿಸಿದ ಮ್ಯಾಲೆ ಯಾವಾಗ ತಗೀತೀರಿ ಹೇಳ್ರಿ. ಇಷ್ಟಽ ನಾವು ಕೇಳೂದು," ಎಂದರು. ವೇದಿಕೆಯ ಮೇಲಿದ್ದ ಅಧಿಕಾರಿ, "ಕಳ್ಳನ ಒಪ್ಪಿಗೆ ತಗೊಂಡು ಕಾವಲು ಕಾಯೋಕೆ ಆಗುತ್ತಾ ಮೇಡಂ? ಇದು ಶಿಕ್ಷೆ ಅಲ್ಲ, ಬರೀ ಮಾಹಿತಿ," ಎಂದರು. ಎರಡಕ್ಕೂ ಚಪ್ಪಾಳೆ ಬಿತ್ತು. ನಾನು ಕೆರೂರಿನ ಬಳೆ ಮಾರುವ ಮುದುಕಿಯನ್ನೂ ಮೌಲಾಸಾಬನನ್ನೂ ನೆನೆದು ಎರಡು ಸಲವೂ ಅರೆಮನಸ್ಸಿನಿಂದ ಚಪ್ಪಾಳೆ ತಟ್ಟಿದೆ.

ಆ "ಬರೀ ಮಾಹಿತಿ" ಮುಂದಿನ ಚುನಾವಣೆಯ ಹೊತ್ತಿಗೆ ಗಡಿಪಾರು ಪ್ರಸ್ತಾವವಾಯಿತು. ಗಡಿಪಾರು ಎಂದರೆ ಆದೇಶದ ಅವಧಿ ಮುಗಿಯುವವರೆಗೆ ಜಿಲ್ಲೆಯೊಳಗೆ ಕಾಲಿಡುವಂತಿಲ್ಲ. ನಕ್ಷೆಯಲ್ಲಿ ಯಾರ ಚುಕ್ಕೆ ದಪ್ಪವೋ ಅವರ ಹೆಸರು ಮೊದಲು ಹೋಯಿತು. ವಿಚಾರಣೆಗೆ ಮೌಲಾಸಾಬ ಶಾಂತಿ ಸಭೆಯ ಬಿಳಿ ಅಂಗಿಯನ್ನೇ ಹಾಕಿಕೊಂಡು ಬಂದ. ವಕೀಲರನ್ನು ಹಿಡಿಯೋ ಎಂದರೆ, "ತಪ್ಪು ಮಾಡಿದಾವರು ಹಿಡೀತಾರ್ರಿ" ಎಂದಿದ್ದ.

"ಎರಡೂ ಗುಂಪಿನವರು ನಿನಗೆ ಪರಿಚಯವೇ?" ಎಂದು ವಿಚಾರಣೆಯ ಅಧಿಕಾರಿ ಕೇಳಿದರು.

"ಹೌದ್ರಿ ಸಾಹೇಬ್ರ. ಸಣ್ಣವರಿದ್ದಾಗಿಂದ ಬಲ್ಲೆ."

"ಗಲಾಟೆಗೆ ಮುಂಚೆ ಫೋನ್ ಮಾಡಿದ್ದು ನಿಜವೇ?"

"ಖರೇ ಐತ್ರಿ. ಮಾಡ್ಲಿಲ್ಲಂದ್ರ ಗಲಾಟಿ ಆಗಿಬಿಡ್ತಿತ್ತಲ್ರಿ."

ಎರಡನ್ನೂ ಒಪ್ಪಿಕೊಂಡಿದ್ದಾನೆ ಎಂದು ಬರೆದುಕೊಂಡರು. ನಾನು ಎದ್ದು ಎರಡು ಮಾತು ಹೇಳಿದೆ. ಕೆಳಗಿನ ಸಿಬ್ಬಂದಿಗೆ ಆರೋಪಿಯೊಂದಿಗೆ ಸಲುಗೆ ಇರುವಂತಿದೆ ಎಂದು ನಮ್ಮ ಸಾಹೇಬರಿಗೆ ಸೂಚನೆ ಬಂತು, ಅದರ ಹಿಂದೆಯೇ ಗಡಿಪಾರಿನ ಆದೇಶವೂ ಬಂತು. ಅವನ ಮನೆ, ಹಂಡೆ, ಒಲೆ, ಹೆಂಡತಿ, ಗಿರಾಕಿಗಳು ಎಲ್ಲ ಊರಿನಲ್ಲಿ. ಅವನೊಬ್ಬ ಮಾತ್ರ ಒಂದು ಚೀಲ ಹಿಡಿದು, ಜಿಲ್ಲೆಯ ಗಡಿಯ ಆಚೆ ಕುಷ್ಟಗಿ ಕಡೆ ತಂಗಿಯ ಮನೆಗೆ ಹೋದ. ಬಸ್ ಹತ್ತಿಸಲು ಹೋದ ಬಂದೋಬಸ್ತಿನವನು ನಾನೇ. ನನಗೆ ಅವನ ಮುಖ ನೋಡಲು ಆಗಲಿಲ್ಲ. ಅವನೇ ನನ್ನ ಹೆಗಲು ತಟ್ಟಿ, "ಹಂಡೇದ ಕೆಳಗ ಬೆಂಕಿ ಐತ್ರಿ, ಬೀಬಿಜಾನ್‌ಗ ಆರಸಂತ ಹೇಳ್ರಿ" ಎಂದ.

ಚುನಾವಣೆ ಶಾಂತವಾಗಿ ಮುಗಿಯಿತು. ಯಂತ್ರಕ್ಕೆ ಶಹಬ್ಬಾಸ್ ಸಿಕ್ಕಿತು. ಆಮೇಲೆ ಹೋಳಿ ಬಂತು.

ಆ ಸಲ ಕೆಳಗಿನ ಓಣಿಯವರು ಕದ್ದದ್ದು ಕಟ್ಟಿಗೆಯಲ್ಲ, ಮೇಲಿನ ಓಣಿಯವರ ದೊಡ್ಡ ಹಲಗಿಯನ್ನೇ. ಕದ್ದು ಕಾಮಣ್ಣನ ಬೆಂಕಿಗೆ ಹಾಕಿದರು. ಚರ್ಮ ಸುಡುವ ವಾಸನೆ ಮೇಲಿನ ಓಣಿಗೆ ಮುಟ್ಟಿತು. ಅಜ್ಜನ ಕಾಲದಿಂದ ಬಾರಿಸುತ್ತ ಬಂದ ಹಲಗಿ ಅದು. ಮರುದಿನ ಬಣ್ಣದ ಆಟ. ಬೆಳಿಗ್ಗೆ ಮೇಲಿನ ಓಣಿಯ ಮನೆಗಳ ಮುಂದೆ ಬಣ್ಣದ ಬಕೆಟ್ಟು ಒಂದೂ ಇರಲಿಲ್ಲ, ಬಡಿಗೆಗಳಿದ್ದವು. ಸಾಹೇಬರು ಕಂಪ್ಯೂಟರ್ ನೋಡಿದರು. ಯಾವ ಗ್ಯಾಂಗಿನಲ್ಲಿ ಯಾರು ಯಾರಿದ್ದಾರೆಂದು ಅದು ಪಟಪಟನೆ ಹೇಳಿತು, ಅವರನ್ನು ತಡೆಯುವವರು ಯಾರು ಎಂದು ಹೇಳಲಿಲ್ಲ. ಅಷ್ಟರಲ್ಲಿ ಎರಡೂ ಓಣಿಯ ಹಿರಿಯರು ಠಾಣೆಗೆ ಬಂದು ನಿಂತರು.

"ಮೌಲಾಸಾಬನ್ನ ಕರಸ್ರಿ."

"ಅವನು ಗಡಿಪಾರಾಗಿದ್ದಾನೆ," ಎಂದರು ಸಾಹೇಬರು.

"ಮಾಡಿದವರು ನೀವ ಅಲ್ಲೇನ್ರಿ? ನೀವ ಕರಸ್ರಿ."

ಒಳಗೆ ಕರೆಸಲು ಆದೇಶ ಕೊಟ್ಟ ಕಚೇರಿಯ ಅಪ್ಪಣೆ ಬೇಕು. ಕಚೇರಿಗೆ ಹೋಳಿಯ ರಜೆ. ಸಾಹೇಬರು ಹಣೆ ಒರೆಸಿಕೊಂಡು ನನ್ನ ಕಡೆ ನೋಡಿದರು.

"ಅಂವ ಒಳಗ ಬರಂಗಿಲ್ರಿ ಸರ್," ಎಂದೆ. "ನಾವು ಹೊರಗ ಹೋಗಾಕ ಯಾರ ಅಪ್ಪಣಿ ಬೇಕ್ರಿ?"

ಜಿಲ್ಲೆಯ ಗಡಿ ಅಲ್ಲಿಂದ ದೂರವೇನಿಲ್ಲ. ಪಕ್ಕದ ಜಿಲ್ಲೆಯ ಸ್ವಾಗತದ ಫಲಕ ದಾಟಿದ ಕೂಡಲೇ ಒಂದು ಚಹಾದ ಗೂಡಂಗಡಿ ಇದೆ. ಅಲ್ಲಿಗೆ ಬಾ ಎಂದು ಮೌಲಾಸಾಬನಿಗೆ ಫೋನ್ ಮಾಡಿದೆ. ಒಂದು ಟೆಂಪೋದಲ್ಲಿ ಮೇಲಿನ ಓಣಿ, ಇನ್ನೊಂದರಲ್ಲಿ ಕೆಳಗಿನ ಓಣಿ, ನಡುವೆ ನಮ್ಮ ಜೀಪು. ಬೇರೆ ಜಿಲ್ಲೆಗೆ ಖಾಕಿಯಲ್ಲಿ ಹೋದರೆ ಮಾತು ಬರುತ್ತದೆಂದು ಸಾಹೇಬರು ನಮಗೆಲ್ಲ ಮನೆಯ ಅಂಗಿ ಹಾಕಿಸಿದ್ದರು. ಬೀಬಿಜಾನ್ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಟೆಂಪೋ ಹತ್ತಿದ್ದಳು. ಕರ್ನಾಟಕದಲ್ಲಿ ಎರಡು ಗ್ಯಾಂಗುಗಳನ್ನು ಸರಕಾರಿ ಬಂದೋಬಸ್ತಿನಲ್ಲಿ ನಾಯಕನ ಬಳಿಗೆ ಕರೆದೊಯ್ದ ಠಾಣೆ ನಮ್ಮದೊಂದೇ ಇರಬೇಕು.

ಮೌಲಾಸಾಬ ಫಲಕದ ಆಚೆ ಬೆಂಚಿನ ಮೇಲೆ ಕುಳಿತಿದ್ದ. ಬಂದವರ ಮಾತೆಲ್ಲ ಕೇಳಿ, ಕೆಳಗಿನ ಓಣಿಯ ಮುಂದಾಳು ಹುಡುಗನನ್ನು ಕರೆದು, "ನಿಮ್ಮ ಹಲಗಿ ಎಲ್ಲೈತಿ?" ಎಂದ.

"ಟೆಂಪೋದಾಗ ಐತಿ, ಚಾಚಾ."

"ತಂದು ಅವರ ಕೈಯಾಗ ಕೊಡು. ಇವತ್ತ ಅದನ್ನ ಬಾರ್ಸೂದು ಅವರು, ಅದರ ಹಿಂದ ಕುಣಿಯೂದು ನೀವು. ಅವರಿಗೆ ಹೊಸಾ ಹಲಗಿ ಕಟ್ಟಿಸಿಕೊಡೂತನಾ ಅದು ಅವರ ಮನ್ಯಾಗ ಇರ್ತೇತಿ. ಕಬೂಲ್ ಇಲ್ಲಂದ್ರ ಈಗಽ ಹೇಳು, ಇಲ್ಲೇ ಬಡಿದಾಡ್ರಿ. ಈ ಜಿಲ್ಲಾದಾಗ ನನ್ನ ಮ್ಯಾಲೆ ಇನ್ನೂ ಶೀಟ್ ಇಲ್ಲ, ಬಿಡಸಾಕ ಬರ್ತೇನಿ."

ಯಾರೋ ಒಬ್ಬ ಕಿಸಕ್ಕನೆ ನಕ್ಕ. ನಗು ಬಂದ ಮೇಲೆ ಜಗಳ ಉಳಿಯುವುದಿಲ್ಲ. ಹಲಗಿ ಕೈ ಬದಲಾಯಿತು, ಅಲ್ಲಿಯೇ ಒಂದು ಸುತ್ತು ಬಾರಿಸಿದರು. ನಾನು ಅಂಗಡಿಯವನಿಂದ ಚಹಾ ತಂದು ಮೌಲಾಸಾಬನಿಗೆ ಕೊಡಹೋದೆ. ಅವನು ಕಪ್ಪು ಹಿಡಿಯುವ ಮೊದಲು ಎರಡೂ ಕೈ ನನ್ನ ಮುಂದೆ ಚಾಚಿದ.

"ನೋಡ್ರಿ ಹವಾಲ್ದಾರ್ರ. ಬೆಳ್ಳಗಾಗ್ಯಾವು."

ನಿಜ. ಮೊಣಕೈವರೆಗೂ ಬಣ್ಣ ಅಳಿದು, ಬೇರೆ ಯಾರದೋ ಕೈಗಳಂತೆ ಕಾಣುತ್ತಿದ್ದವು. ಕೆಲಸವಿಲ್ಲದ ಕೈಗಳು. ಬೀಬಿಜಾನ್ ಅವುಗಳನ್ನು ನೋಡಿ ಸೆರಗು ಬಾಯಿಗೆ ಹಿಡಿದಳು. ಪೊಲೀಸನಾಗಿ ನಾನು ನಾಚಿದ ದಿನ ಅದು. ಅಷ್ಟರಲ್ಲಿ ಎರಡೂ ಓಣಿಯ ಹುಡುಗರು ಬಂದು ಅವನ ಆ ಕೈಗಳಿಗೆ ಕೆಂಪು ಬಣ್ಣ ಬಳಿದರು, ಮುಖಕ್ಕೆ ಬಳಿದರು, "ಚಾಚಾ, ಚಾಚಾ" ಎಂದು ಎತ್ತಿ ಕುಣಿಸಿದರು. ವರದಿಗೆ ಇರಲಿ ಎಂದು ನಮ್ಮ ಕಾನ್‌ಸ್ಟೇಬಲ್ ಒಬ್ಬ ಫೋಟೋ ಹೊಡೆದುಕೊಂಡ. ನಾವೆಲ್ಲ ಊರಿಗೆ ಮರಳಿದೆವು. ಅವನು ಬುತ್ತಿ ಹಿಡಿದು ತಂಗಿಯ ಮನೆಗೆ ಹೋದ.

ನಾನು ಆ ವರ್ಷವೇ ನಿವೃತ್ತನಾದೆ. ಅವಧಿ ಮುಗಿದ ಮೇಲೆ ಮೌಲಾಸಾಬನೂ ಊರಿಗೆ ಬಂದು ಹಂಡೆ ಒಲೆಗೇರಿಸಿದ. ಶೀಟು ಹಾಗೆಯೇ ಇತ್ತು. ಚುರುಕಿನ ಸಾಹೇಬರು ವರ್ಗವಾದರು, ಹೋಗುವಾಗ ಮುಚ್ಚುವ ಕೆಲಸವನ್ನು ಮುಂದಿನವರಿಗೆ ಮೀಸಲಿಟ್ಟರು.

ಈಚೆಗೆ ಒಂದು ದಿನ ನನ್ನ ಮನೆಗೆ ಒಬ್ಬ ಹೊಸ ಕಾನ್‌ಸ್ಟೇಬಲ್ ಬಂದ. ಬುದ್ಧಿ ಕೇಳಲು ಬಂದಿರಬೇಕೆಂದು ಕುರ್ಚಿ ಕೊಟ್ಟೆ. ಅವನು ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಗಡಿಯ ಚಹಾದಂಗಡಿ, ಎರಡೂ ಗ್ಯಾಂಗಿನವರು, ನಡುವೆ ಕೈ ಕೆಂಪಾದ ನಾಯಕ. ನಾಯಕನ ಪಕ್ಕದಲ್ಲಿ ಚಹಾದ ಕಪ್ಪು ಹಿಡಿದು ನಿಂತ ಒಬ್ಬ ಹಿರಿಯ.

"ಗಡಿಪಾರಾದಾವನ ಕೂಡ ಸಭಾ ಮಾಡ್ಯಾರಂತ ಎಂಟ್ರಿ ಐತ್ರಿ," ಎಂದ ಸಂಕೋಚದಿಂದ. "ಇವರು ಯಾರಂತ ಗೊತ್ತಾಗಿಲ್ಲ. ಆ ನಾಯಕಗ ಎಲ್ಲಾರಕಿಂತ ಜಾಸ್ತಿ ಫೋನ್ ಹೋಗಿದ್ದೂ ಇವರ ನಂಬರ್‌ನಿಂದರಿ. ನಂಬರ್ ಹುಡುಕಿದ್ರ ನಿಮ್ಮ ಹೆಸರು ಬಂತ್ರಿ ಸರ್."

ನಾನು ಹೊಟ್ಟೆ ಹಿಡಿದು ನಕ್ಕೆ. ಅವನು ನಗಲಿಲ್ಲ, ಅವನಿಗೆ ಭರ್ತಿ ಮಾಡುವ ಜಾಗವಿತ್ತು.

"ಸಂಬಂಧ ಏನಂತ ಹಾಕ್ಲಿರಿ?"

"ಗೆಳೆಯ ಅಂತ ಹಾಕಪಾ."

ಅವನು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದ. "ಅದು ಇಲ್ರಿ ಸರ್. ನಾಯಕ, ಸದಸ್ಯ, ಸಹಚರ, ರೊಕ್ಕಾ ಕೊಡಾಂವ, ಇಷ್ಟಽ ಅದಾವ್ರಿ."

"ಹಂಗಾದ್ರ ಖಾಲಿ ಬಿಡು."

"ಖಾಲಿ ಬಿಟ್ರ ಸೇವ್ ಆಗಂಗಿಲ್ರಿ," ಎಂದ ಪಾಪ. ಸಹಚರ ಎಂದು ಒತ್ತಿ, ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದ. ಒಳ್ಳೆಯ ಸಂಸ್ಕಾರದ ಹುಡುಗ.

ಈ ಸುದ್ದಿಯನ್ನು ಮೌಲಾಸಾಬನಿಗೆ ತಿಳಿಸಬೇಕಿತ್ತು. ಫೋನ್ ಮಾಡಿದರೆ ಇನ್ನೊಂದು ಗೆರೆ ಬೀಳುತ್ತದೆಂದು ಮರುದಿನ ಬಸ್ಸಿನಲ್ಲಿಯೇ ಹೋದೆ. ಅವನು ಹಂಡೆಯಲ್ಲಿ ಲಡಿ ಅದ್ದುತ್ತ ಕುಳಿತಿದ್ದ. ಕೈಗಳು ಮೊಣಕೈವರೆಗೂ ಮತ್ತೆ ಕೆಂಪಾಗಿದ್ದವು. ಎಲ್ಲ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಬರ್ರಿ ಹಂಗಾದ್ರ, ಮುಂದಿನ ಪರೇಡಿಗೆ ಇಬ್ರೂ ಕೂಡೇ ಹೋಗೂಣು," ಎಂದು ಹಸಿ ಕೈಯಿಂದಲೇ ನನ್ನ ಹೆಗಲು ತಟ್ಟಿದ. "ನನ್ನ ಬಾಜೂಕ ಕುಂದರ್ರಿ. ನೆಲದ ಮ್ಯಾಲೆ ಮೊಣಕಾಲು ನೋಯಲಾರದಂಗ ಹೆಂಗ ಕುಂದರಬೇಕು ತೋರಸ್ತೇನಿ."

ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ. ಕಮತಗಿಗೆ ಮರಳುವ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನೊಬ್ಬ ನನ್ನ ಹೆಗಲ ಮೇಲೆ ಮೂಡಿದ್ದ ಐದು ಕೆಂಪು ಬೆರಳುಗಳನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ, ಮತ್ತೆ ಸ್ವಲ್ಪ ಆಚೆ ಸರಿದು ಕುಳಿತ.